ಸಾಹೇಬರು ಬರೆಸಿದ ನಿಯಮ

ಸಾಹೇಬರ ಬಲಗೈಯ ಹಿಂಬದಿ ಸದಾ ಒಡೆದಿರುತ್ತಿತ್ತು. ದಿನವಿಡೀ ಸಾಬೂನು, ಸ್ಪಿರಿಟ್ಟು, ಬ್ಲೀಚು ತಾಗಿ ಚರ್ಮ ಬಿಳಿಚಿಕೊಂಡು, ಗೆಣ್ಣುಗಳ ಮೇಲೆ ಕೆಂಪು ಬಿರುಕು ಬಿಟ್ಟು, ಮುಟ್ಟಿದರೆ ಮರಳುಕಾಗದದ ಹಾಗೆ ತರಿತರಿಯಾಗಿತ್ತು. ಆ ಕೈಯ ಹಿಂಬದಿಯಿಂದ ಅವರು ಪ್ರತಿ ಬೆಳಿಗ್ಗೆ ಏಳು ಗಂಟೆಗೆ ಪಾಳಿಗೆ ಬಂದ ಗಂಡಸರ ಗಲ್ಲ ಸವರುತ್ತಿದ್ದರು. ಅದರಲ್ಲಿ ಪ್ರೀತಿಯೇನೂ ಇರಲಿಲ್ಲ. ಗಡ್ಡದ ಕೂಳೆ ಉಳಿದಿದೆಯೇ ಎಂದು ನೋಡುತ್ತಿದ್ದರು, ಅಷ್ಟೇ. ಗಲ್ಲದ ಮೇಲೆ ಒಂದು ದಿನದ ಕೂದಲಿದ್ದರೂ ಮಾಸ್ಕು ಚರ್ಮಕ್ಕೆ ಸರಿಯಾಗಿ ಕೂರುವುದಿಲ್ಲ, ಆ ಸಂದಿನಲ್ಲಿ ರೋಗಿಯ ಕೆಮ್ಮು ಒಳಗೆ ಬರುತ್ತದೆ ಎನ್ನುವುದು ಅವರ ಲೆಕ್ಕ. ಆರಡಿ ಮೀರಿದ ಟೆಕ್ಸಸ್ಸಿನ ಪೈಲಟ್ಟುಗಳು, ಸೈನ್ಯದಲ್ಲಿ ಯುದ್ಧ ನೋಡಿ ಬಂದವರು, ಐದಡಿ ಮೂರಿಂಚಿನ ಈ ಮುದುಕನ ಮುಂದೆ ಬಗ್ಗಿ ಗಲ್ಲ ಕೊಟ್ಟು ನಿಲ್ಲುತ್ತಿದ್ದರು.

ಅವರು ನಮ್ಮ ಹೆಲಿಕಾಪ್ಟರ್ ಆಂಬುಲೆನ್ಸ್ ಕಂಪನಿಯ ಮೆಡಿಕಲ್ ಡೈರೆಕ್ಟರು. ಡಲ್ಲಾಸ್, ಆಸ್ಟಿನ್, ಹೂಸ್ಟನ್ ಮೂರೂ ಕಡೆ ನಮ್ಮ ಹೆಲಿಕಾಪ್ಟರುಗಳಿದ್ದವು. ಯಾವ ರೋಗಿಯನ್ನು ಏರಿಸಬೇಕು, ಯಾರನ್ನು ಬಿಡಬೇಕು ಎನ್ನುವುದು ಅವರ ಮಾತು. ಅವರು ಕೂರುತ್ತಿದ್ದದ್ದು ಡಲ್ಲಾಸಿನ ಪಕ್ಕದ ಫ್ರಿಸ್ಕೋದಿಂದ ಆಚೆ, ಹೆಲಿಕಾಪ್ಟರು ನಿಲ್ಲುವ ನಮ್ಮ ಬೇಸಿನಲ್ಲಿ. ಧಾರವಾಡದವರು, ಟೆಕ್ಸಸ್ಸಿಗೆ ಬಂದು ನನ್ನ ವಯಸ್ಸಿನಷ್ಟೇ ವರ್ಷಗಳಾಗಿದ್ದವು. ನಾನು ಗದಗಿನವ, ಹಾರುವ ನರ್ಸು, ಲಿಟಲ್ ಎಲ್ಮ್‌ನಲ್ಲಿ ಮನೆ. ನಮ್ಮ ಕಡೆ ಡಾಕ್ಟರಿಗೆ ಸಾಹೇಬರು ಅನ್ನುವುದು ರೂಢಿ, ಹಾಗೇ ಕರೆದೆ. ಅವರು ನನ್ನನ್ನು ಹೆಸರು ಹಿಡಿದು ಕರೆದದ್ದು ನೆನಪಿಲ್ಲ. ಗದಗಿನವ ಅನ್ನುತ್ತಿದ್ದರು, ಸಿಟ್ಟು ಬಂದರೆ ಬರೇ "ಲೇ".

ಸಾಹೇಬರು ನಿಷ್ಠುರರು ಎಂದರೆ ಸಾಲದು. ಕ್ರೂರಿಗಳು. ಒಮ್ಮೆ ಒಬ್ಬ ಹುಡುಗಿ, ಹೊಸ ಪ್ಯಾರಾಮೆಡಿಕ್ಕು, ಹಾರುವಾಗಲೇ ತೀರಿಕೊಂಡ ಮಗುವನ್ನು ನೆನೆದು ಬೇಸಿನ ಅಡುಗೆಮನೆಯಲ್ಲಿ ಅಳುತ್ತಿದ್ದಳು. ಇವರು ಬಂದು ಕಾಫಿ ಬಗ್ಗಿಸಿಕೊಂಡು, ಅಳುವುದಾದರೆ ನೆಲದ ಮೇಲೇ ಅತ್ತು ಮುಗಿಸು, ಮೇಲೆ ಕಣ್ಣು ಒದ್ದೆಯಾದರೆ ಸೂಜಿ ಕಾಣುವುದಿಲ್ಲ ಎಂದು ಹೇಳಿ ಕಪ್ಪು ಹಿಡಿದು ಹೋದರು. ಅವಳು ತಿಂಗಳೊಳಗೆ ಕೆಲಸ ಬಿಟ್ಟಳು. ಸಣ್ಣ ಊರುಗಳ ಆಸ್ಪತ್ರೆಯ ಡಾಕ್ಟರುಗಳು ಫೋನಿನಲ್ಲಿ ಗೋಗರೆದರೂ ಇವರು ಕಡ್ಡಿ ಮುರಿದ ಹಾಗೆ ಇಲ್ಲ ಅನ್ನುತ್ತಿದ್ದರು. ಸಾರಿ ಅನ್ನುತ್ತಿರಲಿಲ್ಲ. ಸಾರಿ ಎಂದರೆ ಆ ಕಡೆಯವರಿಗೆ ಇನ್ನೂ ಆಸೆ ಉಳಿಯುತ್ತದೆ, ಬೇರೆ ದಾರಿ ಹುಡುಕುವ ಹತ್ತು ನಿಮಿಷ ಹಾಳಾಗುತ್ತದೆ ಎಂದು ನನಗೆ ಒಮ್ಮೆ ವಿವರಿಸಿದ್ದರು.

ಅಂಟುರೋಗದ ರೋಗಿ ಎಂದರೆ ಅವರ ಕಣ್ಣು ಇನ್ನೂ ಸಣ್ಣದಾಗುತ್ತಿತ್ತು. "ಹೆಲಿಕಾಪ್ಟರ್ ಅಂದ್ರ ಮುಚ್ಚಿದ ಡಬ್ಬಿ," ಅನ್ನುತ್ತಿದ್ದರು. "ಒಬ್ಬ ಕೆಮ್ಮಿದ್ರ ನಾಕು ಮಂದಿ ಉಸುರಾಡೂದು ಅದನ್ನ." ಪೈಲಟ್ಟಿನ ಬೆನ್ನಿಗೆ ಪರದೆ ಎಳೆದದ್ದು, ರೋಗಿಯ ಬಾಯಿಗೆ ಮಾಸ್ಕು ಕಟ್ಟಿದ್ದು, ಗಾಳಿ ಮುಂದಿನಿಂದ ಹಿಂದಕ್ಕೆ ಹೋಗುವಂತೆ ಕಿಂಡಿ ತಿರುಗಿಸಿದ್ದು ಎಲ್ಲವನ್ನೂ ತಾವೇ ನೋಡಬೇಕು. ಇಳಿದ ಮೇಲೆ ಬಾಗಿಲು ತೆರೆದಿಟ್ಟು, ನೆಲ, ಬೆಲ್ಟು, ಬೆಲ್ಟಿನ ಬಕಲು ಎಲ್ಲ ಒರೆಸಿಸುತ್ತಿದ್ದರು. ಬಕಲಿನ ಸಂದಿಯಲ್ಲಿ ಕಡ್ಡಿ ಆಡಿಸಿ ಕೊಳೆ ತೆಗೆದು ನಮ್ಮ ಮೂಗಿನ ಮುಂದೆ ಹಿಡಿಯುತ್ತಿದ್ದರು.

ಇಂಥವರೇ ವಾರಕ್ಕೊಮ್ಮೆ ಕಾಕು ಮಾಡಿದ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿಯನ್ನು ಫಾಯಿಲಿನಲ್ಲಿ ಸುತ್ತಿ ತಂದು ನನ್ನ ಲಾಕರಿನ ಮೇಲೆ ಇಟ್ಟು ಹೋಗುತ್ತಿದ್ದರು. ಕಾಕು ಅಂದರೆ ಅವರ ಹೆಂಡತಿ. ಥ್ಯಾಂಕ್ಸ್ ಹೇಳಲು ಹೋದರೆ, "ತಿನ್ನು ತಿನ್ನು, ಬ್ರೆಡ್ ತಿಂದು ತಿಂದು ಮಾರಿ ಬ್ರೆಡ್ ಆಗೇತಿ" ಎಂದು ಅಟ್ಟುತ್ತಿದ್ದರು. ಫ್ರಿಸ್ಕೋದ ಕನ್ನಡದ ಮನೆಗಳಲ್ಲಿ ಯಾವ ಮಗುವಿಗೆ ಜ್ವರ ಬಂದರೂ ಮೊದಲ ಫೋನು ಇವರಿಗೇ. ಬೈದುಕೊಂಡೇ ಔಷಧಿ ಹೇಳುತ್ತಿದ್ದರು. ಯಾರ ಫೋನನ್ನೂ ಎತ್ತದೆ ಬಿಟ್ಟವರಲ್ಲ.

೨೦೧೪ರ ಆ ಅಕ್ಟೋಬರಿನಲ್ಲಿ ಡಲ್ಲಾಸಿಗೆ ಎಬೋಲಾ ಬಂತು. ಊರಿಗೆ ಊರೇ ಒಬ್ಬರ ಮುಖ ಒಬ್ಬರು ನೋಡಿ ಹಿಂದೆ ಸರಿಯುತ್ತಿದ್ದ ದಿನಗಳವು. ನಮ್ಮ ಕಂಪನಿ ಆ ರೋಗದ ಅನುಮಾನವಿದ್ದವರನ್ನು ಏರಿಸುವುದೇ ಇಲ್ಲ ಎಂದು ತೀರ್ಮಾನಿಸಿತ್ತು. ಆದರೆ ಉಳಿದ ಅಂಟುರೋಗಗಳು ಎಲ್ಲಿಗೂ ಹೋಗಿರಲಿಲ್ಲವಲ್ಲ, ಸಾಹೇಬರ ಕಾಟ ಎರಡರಷ್ಟಾಯಿತು. ಸರಿಯಾಗಿ ಆ ತಿಂಗಳೇ ನಾನು ಗಡ್ಡ ಬಿಟ್ಟೆ.

ನನ್ನ ಹೆಂಡತಿಗೆ ಆಗ ಐದು ತಿಂಗಳು. ಅದಕ್ಕೂ ಮೊದಲು ಎರಡು ಸಲ ಹೊಟ್ಟೆಯಲ್ಲಿ ನಿಂತು, ನಾಲ್ಕನೇ ತಿಂಗಳಿಗೆ ಹೋಗಿತ್ತು. ಹೆಂಡತಿ ಬಸುರಿಯಾದಾಗ ಗಂಡ ಮುಖಕ್ಕೆ ಕತ್ತಿ ತಾಗಿಸಬಾರದು ಎನ್ನುವುದು ನಮ್ಮ ಮನೆಯ ಪದ್ಧತಿ. ಮೊದಲೆರಡು ಸಲ ನಾನು ಅದನ್ನು ನಕ್ಕು ತಳ್ಳಿಹಾಕಿದ್ದೆ. ಈ ಸಲ ಗದಗಿನಿಂದ ಅವ್ವ ದಿನಾ ಫೋನು ಮಾಡಿ ಅಳತೊಡಗಿದಳು. ನಾನು ನರ್ಸು, ಗಡ್ಡಕ್ಕೂ ಗರ್ಭಕ್ಕೂ ಸಂಬಂಧವಿಲ್ಲ ಎಂದು ಚೆನ್ನಾಗಿ ಗೊತ್ತು. ನಂಬಿಕೆ ಇರಲಿಲ್ಲ ನನಗೆ, ಭಯ ಇತ್ತು. ನಾಲ್ಕನೇ ತಿಂಗಳು ದಾಟಿದ್ದೇ ಒಂದು ಪವಾಡ ಅನ್ನಿಸುತ್ತಿದ್ದಾಗ ಅವ್ವನ ಮಾತು ಮೀರುವ ಧೈರ್ಯ ಬರಲಿಲ್ಲ.

ಮೊದಲ ಬೆಳಿಗ್ಗೆಯೇ ಸಾಹೇಬರ ಕೈ ನನ್ನ ಗಲ್ಲದ ಮೇಲೆ ನಿಂತಿತು. ಡ್ರಾಯರಿನಿಂದ ರೇಜರ್ ತೆಗೆದು ಚಾಚಿದರು. ನಾನು ತೆಗೆದುಕೊಳ್ಳಲಿಲ್ಲ. ಪದ್ಧತಿಯನ್ನು ಕನ್ನಡದಲ್ಲಿ, ತಗ್ಗಿದ ದನಿಯಲ್ಲಿ ಹೇಳಿದೆ. ಅವರು ಅದನ್ನು ಗಟ್ಟಿಯಾಗಿ ಇಂಗ್ಲಿಷಿನಲ್ಲಿ ಎಲ್ಲರಿಗೂ ಅನುವಾದಿಸಿದರು. ಪೈಲಟ್ಟುಗಳು ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, ನನಗೊಬ್ಬನಿಗೇ ತಿಳಿಯುವಂತೆ ಕನ್ನಡದಲ್ಲಿ ಕೇಳಿದರು.

"ಹೋದವಲ್ಲ ಎರಡು, ನೀ ಗಡ್ಡ ತಗದಿದ್ದಕ್ಕ ಹೋದುವೇನು?"

ಹೊಡೆದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ. ಆ ಎರಡು ಸಲವೂ ಆಸ್ಪತ್ರೆಗೆ ಬಂದು ನನ್ನ ಪಕ್ಕ ಕೂತಿದ್ದ ಮನುಷ್ಯ ಇದನ್ನು ಕೇಳಿದ್ದು. ಮಗು ಹುಟ್ಟುವತನಕ ಹಾರುವುದು ಬೇಡ, ಕರೆ ಮೇಜಿನಲ್ಲಿ ಕೂಡು ಎಂದರು. ಮೂರೂ ಊರಿನ ಬೇಸುಗಳಿಗೆ ಬರುವ ಕರೆಗಳನ್ನು ತೆಗೆದುಕೊಂಡು, ಹಾರಬಹುದೋ ಬಾರದೋ ನಿಯಮ ನೋಡಿ ಹೇಳುವ ಮೇಜದು. ಅಂದಿನಿಂದ ನಾನು ಅವರನ್ನು ದ್ವೇಷಿಸಿದೆ. ರೊಟ್ಟಿಯ ಪೊಟ್ಟಣ ಆ ವಾರವೂ ಲಾಕರಿನ ಮೇಲಿತ್ತು. ಬಿಚ್ಚದೆ ಕಸದ ಬುಟ್ಟಿಗೆ ಹಾಕಿದೆ.

ಅದಾಗಿ ನಾಲ್ಕೈದು ದಿನವಾಗಿತ್ತು. ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಉತ್ತರದ ಗಡಿ ಕಡೆಯ ಒಂದು ಸಣ್ಣ ಆಸ್ಪತ್ರೆಯಿಂದ ಕರೆ ಬಂತು. ಜೈಲಿನ ಕೈದಿ, ಕ್ಷಯ, ಶ್ವಾಸಕೋಶದಿಂದ ರಕ್ತ ಬರುತ್ತಿದೆ. ರಸ್ತೆಯಲ್ಲಿ ಡಲ್ಲಾಸಿಗೆ ಎರಡು ಗಂಟೆ. ಅಷ್ಟು ಹೊತ್ತು ಅವನು ಉಳಿಯುವುದಿಲ್ಲ. ಆಗಿನ ನಿಯಮದ ಪ್ರಕಾರ ಮಾಸ್ಕು ಕಟ್ಟಿಕೊಂಡು ಇಂಥವರನ್ನು ತರಬಹುದಿತ್ತು. ಸಾಹೇಬರು ಹೂಂ ಅಂದರು. ಆದರೆ ನನ್ನ ಬದಲಿಗೆ ಹಾಕಿದ್ದ ನರ್ಸಿಗೆ ಬೆಳಿಗ್ಗೆ ಮೈ ಬಿಸಿಯಾಗಿತ್ತು. ಆ ತಿಂಗಳು ಯಾರಿಗೆ ಮೈ ಬಿಸಿಯಾದರೂ ಬೇಸಿನ ಬಾಗಿಲೊಳಗೆ ಬಿಡುತ್ತಿರಲಿಲ್ಲ. ಒಬ್ಬ ಪೈಲಟ್ಟು, ಒಬ್ಬ ಪ್ಯಾರಾಮೆಡಿಕ್ಕು ತಯಾರಿದ್ದರು. ಮೂರನೆಯವರು ಬೇಕಿತ್ತು.

ಸಾಹೇಬರು ನನ್ನ ಮೇಜಿನ ಮುಂದೆ ಬಂದು ನಿಂತರು. ಅವತ್ತಿನ ಆ ರೇಜರನ್ನೇ ತಂದು ನನ್ನ ಕೀಬೋರ್ಡಿನ ಮೇಲೆ ಇಟ್ಟರು. "ಐದು ನಿಮಿಷ ಐತಿ," ಎಂದರು. ಸಿಟ್ಟು ಇರಲಿಲ್ಲ ದನಿಯಲ್ಲಿ. ಕೇಳುತ್ತಿದ್ದರು.

ಗಡ್ಡವಷ್ಟೇ ಆಗಿದ್ದರೆ ಎದ್ದುಬಿಡುತ್ತಿದ್ದೆನೋ ಏನೋ. ಕೈದಿ, ಕ್ಷಯ, ರಕ್ತ ಎಂದು ಬರೆದುಕೊಂಡವನು ನಾನೇ. ಅದನ್ನು ಮನೆಗೆ ಹೊತ್ತುಕೊಂಡು ಹೋಗಿ ಬಸುರಿಯ ಪಕ್ಕ ಮಲಗುವುದನ್ನು ನೆನೆಸಿಕೊಂಡೆ. ಗಡ್ಡ ಒಳ್ಳೆಯ ನೆಪವಾಯಿತು. ನಾನು ರೇಜರನ್ನು ನೋಡುತ್ತಾ ಕೂತೆ. ಎಷ್ಟು ಹೊತ್ತೋ, ಅರ್ಧ ನಿಮಿಷವೂ ಇರಲಿಕ್ಕಿಲ್ಲ. ಅವರು ಗೋಡೆಯ ಮೊಳೆಯಿಂದ ಹೆಲ್ಮೆಟ್ ತೆಗೆದುಕೊಂಡು ಹೋದರು. ಅರವತ್ತಾರು ವಯಸ್ಸು ಆಗ. ಹಾರುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು.

ಮೇಲೆ ಏನಾಯಿತೆಂದು ಪ್ಯಾರಾಮೆಡಿಕ್ಕು ಆಮೇಲೆ ಹೇಳಿದ. ಕೈದಿಯ ಒಂದು ಕೈಗೆ ಸ್ಟ್ರೆಚರಿನ ಜೊತೆ ಬೇಡಿ ಹಾಕಿತ್ತು. ಅರ್ಧ ದಾರಿಯಲ್ಲಿ ಅವನಿಗೆ ರಕ್ತ ಉಕ್ಕಿತು. ಅವನ ಮಾಸ್ಕು ತೆಗೆದು ಬಾಯಿಂದ ರಕ್ತ ಹೀರದಿದ್ದರೆ ಅಲ್ಲೇ ಉಸಿರು ಕಟ್ಟುತ್ತಿತ್ತು. ಹೀರುವ ಕೊಳವೆ ಹಿಡಿದು ಬಗ್ಗಿದ್ದ ಸಾಹೇಬರ ಮುಖದ ಮೇಲೆ ಅವನು ಕೆಮ್ಮಿದ. ಕನ್ನಡಕ ಇತ್ತು, ಕಣ್ಣು ಉಳಿಯಿತು. ಮಾಸ್ಕು ತೊಯ್ದು ಮುಖಕ್ಕೆ ಅಂಟಿ ಉಸಿರಾಡಲು ಬಾರದಾಯಿತು. ತೊಯ್ದ ಮಾಸ್ಕಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅದನ್ನು ಕಿತ್ತು ಹೊಸದನ್ನು ಹಾಕಿಕೊಳ್ಳಲು ಹೆಲ್ಮೆಟ್ ಸಡಿಲಿಸಬೇಕಿತ್ತು, ಒಂದು ಕೈ ಕೊಳವೆ ಬಿಡುವ ಹಾಗಿರಲಿಲ್ಲ. ಆ ಡಬ್ಬಿಯೊಳಗೆ ಒಂದು ನಿಮಿಷ, ಹೆಚ್ಚೆಂದರೆ ಎರಡು ನಿಮಿಷ, ಅವರ ಮೂಗು ಬಾಯಿ ಬಿಚ್ಚಿಕೊಂಡಿತ್ತು.

ಕೈದಿ ಬದುಕಿದ. ಎರಡು ವರ್ಷ ಔಷಧಿ ತಿಂದು ಗುಣವಾಗಿ, ಶಿಕ್ಷೆ ಮುಗಿಸಿ ಹೊರಗೆ ಬಂದನೆಂದು ಬಹಳ ಕಾಲದ ಮೇಲೆ ಕೇಳಿದೆ.

ಕೆಲವು ವಾರದ ಮೇಲೆ ಅವನ ಕಫದ ವರದಿ ಬಂತು. ಸಾಮಾನ್ಯ ಔಷಧಿಗಳಿಗೆ ಬಗ್ಗದ ಕ್ಷಯ. ಸಾಹೇಬರು ನನ್ನ ಮೇಜಿಗೆ ಬಂದು, ಬರಕೋ ಎಂದು ಹೊಸ ನಿಯಮವನ್ನು ಇಂಗ್ಲಿಷಿನಲ್ಲಿ ಹೇಳಿ ಬರೆಸಿದರು. ಔಷಧಿಗೆ ಬಗ್ಗದ ಕ್ಷಯವಿದ್ದು, ಕಫದಲ್ಲಿ ಇನ್ನೂ ರೋಗಾಣು ಇದ್ದು, ರಕ್ತ ಕಾರುತ್ತಿರುವ ರೋಗಿಯನ್ನು ಏರಿಸಬಾರದು. ನಾನು ಟೈಪ್ ಮಾಡಿ ಮುಗಿಸಿದ ಮೇಲೆ ಪರದೆಯನ್ನು ಓದಿ, ಕೊನೆಗೆ "ಯಾರೇ ಆಗಿರಲಿ" ಎಂಬರ್ಥದ ಮಾತನ್ನು ಸೇರಿಸು ಎಂದರು. ಸಾಯಲು ಬಿಡಬೇಕೇ ಎಂದು ಕೇಳಿದೆ. "ಹೌದು. ಅವ ಒಬ್ಬ, ನಾವು ಮೂರು ಮಂದಿ. ನಮ್ಮ ಮನ್ಯಾಗ ಇನ್ನೊಂದಿಷ್ಟು ಮಂದಿ," ಎಂದರು. ನಾನು ಸೇರಿಸಿದೆ.

ಫೆಬ್ರವರಿಯಲ್ಲಿ ಮಗಳು ಹುಟ್ಟಿದಳು. ಮೂರು ಕಿಲೋ ಇದ್ದಳು, ಕಿರುಚಿಕೊಂಡೇ ಬಂದಳು. ಅವತ್ತೇ ಗಡ್ಡ ತೆಗೆದೆ. ಆದರೆ ಹಾರಲು ವಾಪಸು ಹೋಗಲಿಲ್ಲ. ಹೆಂಡತಿ ಬೇಡ ಅಂದಳು, ನಾನೂ ಬಲವಂತ ಮಾಡಿಸಿಕೊಳ್ಳಲಿಲ್ಲ. ಸಾಹೇಬರಿಗೆ ಹೇಳಿದರೆ, "ಅಲ್ಲೇ ಇರು. ಇಲ್ಲ ಅನ್ನೂದು ನಿನಗ ಚಲೋ ಬರತೈತಿ," ಅಂದರು. ಹಾಗೆ ಹೇಳುವಾಗ ಕೆಮ್ಮಿದರು. ಮಗುವನ್ನು ನೋಡಲು ಬರಲಿಲ್ಲ. ಯಾಕೆ ಬರಲಿಲ್ಲ ಎನ್ನುವುದು ಮಾರ್ಚಿನಲ್ಲಿ ತಿಳಿಯಿತು.

ಆ ಕೈದಿಯ ರೋಗವೇ, ಅದೇ ಬಗ್ಗದ ಜಾತಿ. ಸಾಮಾನ್ಯವಾಗಿ ಇಷ್ಟು ಬೇಗ ಏಳುವುದಿಲ್ಲ ಅದು. ಇವರ ಮೈಯಲ್ಲಿ ತಡೆಯುವ ಶಕ್ತಿ ಇರಲಿಲ್ಲ. ವರ್ಷಗಟ್ಟಲೆಯಿಂದ ಕೀಲುವಾತಕ್ಕೆ ಒಂದು ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರು. ಕೀಲಿನ ಉರಿ ಇಳಿಸುವ ಅದು ಮೈಯ ಕಾವಲನ್ನೂ ಇಳಿಸುತ್ತದೆ. ಅಂಥವರು ಅಂಟುರೋಗಿಯ ಹತ್ತಿರ ಹೋಗಲೇಬಾರದು ಎಂದು ನಮಗೆ ಪಾಠ ಮಾಡಿದವರು ಅವರೇ. ತಮ್ಮ ವಿಷಯವನ್ನು ಕಂಪನಿಗೆ ಹೇಳದೆ ಮುಚ್ಚಿಟ್ಟಿದ್ದರು. ಹೇಳಿದ್ದರೆ ಕುರ್ಚಿ ಹೋಗುತ್ತಿತ್ತು. ನನ್ನ ಒಂದು ದಿನದ ಗಡ್ಡಕ್ಕೆ ಹತ್ತು ಜನರೆದುರು ಮಾನ ಕಳೆದವರು ಇಷ್ಟು ದೊಡ್ಡದನ್ನು ಬಚ್ಚಿಟ್ಟಿದ್ದರು ಎಂದು ಸಿಟ್ಟು ಬಂತು. ಆ ಅಕ್ಟೋಬರಿನ ಮಧ್ಯಾಹ್ನ ಐದು ನಿಮಿಷ ಐತಿ ಎಂದು ನನ್ನೆದುರು ನಿಂತಾಗ ಅವರಿಗೆ ಎಲ್ಲ ಗೊತ್ತಿತ್ತು ಎಂಬುದು ಹೊಳೆದದ್ದು ಅದಾದ ಮೇಲೆ. ನನ್ನ ಹೆಂಡತಿಯ ಹೊಟ್ಟೆಯೂ ಅವರಿಗೆ ಗೊತ್ತಿತ್ತು.

ಇನ್ನೊಂದನ್ನೂ ಬಚ್ಚಿಡದೆ ಬರೆಯಬೇಕು. ಸುದ್ದಿ ಕೇಳಿದ ಕ್ಷಣ ನನಗೆ ಮೊದಲು ಆದದ್ದು ಸಂತೋಷ. ನಾನಲ್ಲ, ಸದ್ಯ. ಮನೆಗೆ ಹೋಗಿ ಮಗಳ ಎದೆಯ ಮೇಲೆ ಕೈಯಿಟ್ಟು ಉಸಿರು ನೋಡಿದೆ. ಅವ್ವನಿಗೆ ಫೋನಿನಲ್ಲಿ ಹೇಳಿದಾಗ ಅವಳು ದೇವರಿಗೆ ಕೈ ಮುಗಿದಳು.

"ನೋಡಪಾ, ಗಡ್ಡ ಕಾಯ್ತು ನಿನ್ನ," ಎಂದಳು.

ನಾನು ಅಲ್ಲ ಎನ್ನಲಿಲ್ಲ. ಅವಳ ಮಟ್ಟಿಗೆ ಪದ್ಧತಿ ಗೆದ್ದಿತ್ತು, ಯಾರು ಸೋತರೆನ್ನುವುದು ಅವಳಿಗೆ ಬೇಕಿರಲಿಲ್ಲ. ಈಗ ಗದಗಿನಲ್ಲಿ ನಮ್ಮ ಬಳಗದ ಯಾವ ಹುಡುಗನ ಹೆಂಡತಿ ಬಸುರಿಯಾದರೂ ನನ್ನ ಕಥೆಯನ್ನೇ ಹೇಳಿ ಗಡ್ಡ ಬಿಡಿಸುತ್ತಾಳೆ.

ಆ ಯುಗಾದಿಗೆ ಫ್ರಿಸ್ಕೋದಲ್ಲಿ ನಮ್ಮವರೆಲ್ಲ ಸೇರಿದ್ದರು. ಕಾಕುಗೆ ಯಾರೂ ಕರೆ ಕೊಟ್ಟಿರಲಿಲ್ಲ. ಕಾಕುವಿನ ಪರೀಕ್ಷೆಯಲ್ಲಿ ಏನೂ ಇಲ್ಲ ಎಂದು ಬಂದಿತ್ತು, ಅದು ಎಲ್ಲರಿಗೂ ಗೊತ್ತಿತ್ತು. ಆದರೂ ಮಕ್ಕಳಿರುವ ಮನೆ, ಏನು ಮಾಡುವುದು ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಆ ಮಕ್ಕಳ ಜ್ವರಕ್ಕೆಲ್ಲ ಔಷಧಿ ಹೇಳಿದ್ದವರು ಸಾಹೇಬರೇ. ಅವರಿಂದ ಬೈಸಿಕೊಂಡಿದ್ದ ಒಬ್ಬ ಅಂಕಲ್ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, "ಮಾಡಿದ್ದುಣ್ಣೋ ಮಾರಾಯ, ಇನ್ನೇನು," ಅಂದರು. ಕೆಲವರು ನಕ್ಕರು. ನಾನು ನಗಲಿಲ್ಲ. ಎದ್ದೂ ಹೋಗಲಿಲ್ಲ. ಹೋಳಿಗೆ ತಿಂದೆ.

ಅವರ ಮನೆಗೆ ಒಂದೇ ಸಲ ಹೋದೆ. ಒಳಗೆ ಹೋಗುವ ಹಾಗಿರಲಿಲ್ಲ; ಹಿತ್ತಲಿನ ಹುಲ್ಲಿನ ಮೇಲೆ ನಿಂತು ಕಿಟಕಿಯ ಗಾಜಿನಲ್ಲಿ ನೋಡಿದೆ. ಅರ್ಧ ಇಳಿದಿದ್ದರು. ಔಷಧಿಯಿಂದ ಕಿವಿ ಮಂದವಾಗಿತ್ತು. ಒಳಗಿಂದಲೇ ನನಗೆ ಫೋನು ಮಾಡಿ, ಸಣ್ಣ ಕೂಸು ಇರುವ ಮನೆಯವ ಇಲ್ಲಿಗೆ ಯಾಕೆ ಬಂದೆ, ಇನ್ನೊಂದು ಸಲ ಬಂದರೆ ಪೊಲೀಸರನ್ನು ಕರೆಯುತ್ತೇನೆ ಎಂದು ಗದರಿದರು. ಕ್ಷಮಿಸಿ ಎಂದು ಹೇಳಲು ಹೋಗಿದ್ದೆ. ಫೋನಿನಲ್ಲೂ, ಕಿವಿ ಕೇಳದವರಿಗೆ ಅದನ್ನು ಕಿರುಚಿ ಹೇಳಬೇಕಾಗುತ್ತಿತ್ತು. ಪಕ್ಕದ ಮನೆಯವರು ಹುಲ್ಲಿಗೆ ನೀರು ಬಿಡುತ್ತಿದ್ದರು. ಹಾಗೇ ಬಂದೆ.

ಬೇಸಿಗೆಯಲ್ಲಿ ಅವರನ್ನು ಆಸ್ಟಿನ್ನಿಗೆ, ಮಗಳ ಮನೆಗೆ ಕರೆದುಕೊಂಡು ಹೋದರು. ಕಂಪನಿಗೆ ಹೊಸ ಡೈರೆಕ್ಟರ್ ಬಂದರು, ಹೂಸ್ಟನ್ನಿನವರು. ಅವರು ಗಲ್ಲ ಮುಟ್ಟುತ್ತಿರಲಿಲ್ಲ, ಗಡ್ಡ ಇಲ್ಲ ಎಂದು ಒಂದು ಹಾಳೆಗೆ ಸಹಿ ಮಾಡಿಸಿಕೊಳ್ಳುತ್ತಿದ್ದರು. ಸಾಹೇಬರ ನಿಯಮಗಳು ಹಾಗೇ ಉಳಿದವು.

ಸೆಪ್ಟೆಂಬರಿನ ಒಂದು ದಿನ, ಬೆಳಿಗ್ಗೆ ಹತ್ತೂವರೆಗೆ, ಆಸ್ಟಿನ್ನಿನ ಒಂದು ಆಸ್ಪತ್ರೆಯಿಂದ ಕರೆ ಬಂತು. ಅರವತ್ತೇಳರ ಗಂಡಸು, ಔಷಧಿಗೆ ಬಗ್ಗದ ಕ್ಷಯ, ಕಫದಲ್ಲಿ ಇನ್ನೂ ರೋಗಾಣು, ರಕ್ತ ಕಾರುತ್ತಿದ್ದಾರೆ. ಕೆಟ್ಟ ಭಾಗವನ್ನು ಕತ್ತರಿಸಿ ತೆಗೆಯಲು ಹೂಸ್ಟನ್ನಿನ ಸರ್ಜನ್ ಒಬ್ಬರು ಒಪ್ಪಿದ್ದಾರೆ, ಟೇಬಲ್ ತಯಾರಿದೆ. ಮೇಲೆ ಒಂದು ಗಂಟೆ ಹತ್ತು ನಿಮಿಷ, ರಸ್ತೆಯಲ್ಲಿ ಮೂರು ಗಂಟೆ. ಹೆಸರು ಹೇಳುವ ಮೊದಲೇ ನನಗೆ ತಿಳಿಯಿತು.

ನಾನು ಇಲ್ಲ ಅಂದೆ. ನಿಯಮ ಓದಿದೆ. ಆ ಡಾಕ್ಟರು ಫೋನು ಇಟ್ಟರು. ಎರಡು ನಿಮಿಷಕ್ಕೆ ಕಾಕುವೇ ಫೋನು ಮಾಡಿದರು.

"ನೀನ ಏನು, ಗದಗಿನವನು?"

ಹೌದ್ರಿ ಅಂದೆ.

"ಯಾರಿಗೆ ಇಲ್ಲ ಅಂದಿ ಗೊತ್ತೈತೇನು ನಿನಗ?"

"ಗೊತ್ತೈತ್ರಿ, ಕಾಕು. ನಿಯಮಾ ಐತ್ರಿ. ಯಾರೇ ಇದ್ದರೂ ಏರಿಸಬಾರದು ಅಂತ."

ಆ ಕಡೆ ಫೋನು ಕಟ್ಟಾಯಿತು. ಆಸ್ಟಿನ್ ಬೇಸಿನ ಹೆಲಿಕಾಪ್ಟರು ಖಾಲಿ ನಿಂತಿತ್ತು. ನನ್ನ ಪರದೆಯ ಮೇಲೆ ಹಸಿರು ಚುಕ್ಕೆಯಾಗಿ ಕಾಣುತ್ತಿತ್ತು. ಆಕಾಶ ಶುಭ್ರವಾಗಿತ್ತು. ಹೊಸ ಡೈರೆಕ್ಟರಿಗೆ ಒಂದು ಫೋನು ಮಾಡಿ, ಇದೊಂದು ಸಲ ಎಂದು ಕೇಳಬಹುದಿತ್ತು. ಕೇಳಿದ್ದರೆ ಅವರು ಒಪ್ಪುತ್ತಿದ್ದರೋ ಏನೋ. ಆಸ್ಟಿನ್ನಿನ ಕ್ರೂನಲ್ಲಿ ಇಬ್ಬರ ಮನೆಯಲ್ಲಿ ಸಣ್ಣ ಮಕ್ಕಳಿದ್ದರು. ನಿಯಮ ಸರಿಯಾಗಿಯೇ ಇದೆ ಎಂದು ನನಗೆ ಗೊತ್ತಿತ್ತು. ನಾನು ಫೋನು ಮಾಡಲಿಲ್ಲ.

ಮುಕ್ಕಾಲು ಗಂಟೆಯ ಮೇಲೆ ಕಾಕುವಿನ ನಂಬರು ಮತ್ತೆ ಪರದೆಯ ಮೇಲೆ ಬಂತು. ಕರೆ ಮೇಜಿನಲ್ಲಿ ಕೂತವನು ಎತ್ತದೆ ಬಿಡುವುದು ಅಪರಾಧ, ಅದಕ್ಕೇ ಕೆಲಸ ಹೋಗುತ್ತದೆ. ಬೈಯುತ್ತಾರೆ, ಶಾಪ ಹಾಕುತ್ತಾರೆ ಅಂದುಕೊಂಡೆ. ಆಕೆಯಿಂದ ಅದನ್ನು ಕೇಳುವ ಎದೆಗಾರಿಕೆ ನನ್ನಲ್ಲಿರಲಿಲ್ಲ. ಅದು ಹೊಡೆದುಕೊಂಡು ಹೊಡೆದುಕೊಂಡು ನಿಂತಿತು.

ಸಾಹೇಬರು ರಸ್ತೆಯ ಆಂಬುಲೆನ್ಸಿನಲ್ಲಿ, ಹೂಸ್ಟನ್ ದಾರಿಯ ಕೊಲಂಬಸ್ ಊರು ದಾಟಿದ ಮೇಲೆ, ಕೇಟಿ ಊರು ಬರುವ ಮೊದಲೇ ಹೋದರು.

ಹದಿಮೂರನೇ ದಿನಕ್ಕೆ ಆಸ್ಟಿನ್ನಿಗೆ ಡ್ರೈವ್ ಮಾಡಿಕೊಂಡು ಹೋದೆ. ಡಲ್ಲಾಸಿನಿಂದ ಬಂದವನು ನಾನೊಬ್ಬನೇ. ಮಗಳ ಮನೆಯಲ್ಲಿ ಹತ್ತು ಹನ್ನೆರಡು ಜನ ಇದ್ದರು. ಕಾಕು ನನ್ನನ್ನು ನೋಡಿ ಹಿತ್ತಲ ಬಾಗಿಲ ಹತ್ತಿರ ಕರೆದುಕೊಂಡು ಹೋದರು. ಕಾಲು ಮುಟ್ಟಲು ಹೋದೆ, ಹಿಂದೆ ಸರಿದರು. ಅವತ್ತು ಹೆಲಿಕಾಪ್ಟರು ಎಲ್ಲಿತ್ತು ಎಂದು ಕೇಳಿದರು. ಬೇರೆ ಕಡೆ ಹೋಗಿತ್ತು ಎಂದು ಸುಳ್ಳು ಹೇಳಬಹುದಿತ್ತು, ಆಕೆ ನಂಬುತ್ತಿದ್ದರು. ಇಲ್ಲೇ ಇತ್ತು, ಖಾಲಿ ನಿಂತಿತ್ತು ಎಂದೆ.

ನಿಯಮ ಪಾಲಿಸಿದ್ದಕ್ಕೆ ಸಾಹೇಬರು ಮೆಚ್ಚಿರಬೇಕು, ಸರಿಯಾಗಿ ಇಲ್ಲ ಅಂದ ಅಂತ ಅಂದಿರಬೇಕು ಎಂದು ನಾನು ಹದಿಮೂರು ದಿನ ನನಗೆ ನಾನೇ ಹೇಳಿಕೊಂಡಿದ್ದೆ. ಅಲ್ಲಿಯವರೆಗೆ ಡ್ರೈವ್ ಮಾಡಿದ್ದೇ ಅದನ್ನು ಆಕೆಯ ಬಾಯಲ್ಲಿ ಕೇಳುವ ಆಸೆಯಿಂದ. ಆ ಎರಡನೇ ಫೋನಿನ ವಿಷಯ ಕೊನೆಗೂ ಕೇಳಿಯೇಬಿಟ್ಟೆ, ಯಾಕೆ ಮಾಡಿದ್ದಿರಿ ಅಂತ.

"ಅವರ ಮಾಡಿಸಿದ್ದು," ಎಂದರು ಕಾಕು. "ರಕ್ತ ನಿಲ್ಲವಲ್ದಾಗಿತ್ತು. ಅಂಜಿದ್ರು. ನನ್ನ ಕೈ ಹಿಡಕೊಂಡು ಸಣ್ಣ ಹುಡುಗರಂಗ ಅತ್ತರು. ಅವಗ ಇನ್ನೊಮ್ಮೆ ಫೋನ್ ಹಚ್ಚು, ನಾನು ಅಂತ ಹೇಳು, ನಾನು ಅಂತ ಹೇಳಿದ್ರ ಕಳಸ್ತಾನ ಅಂದ್ರು. ಹಚ್ಚಿದೆ. ನೀ ಎತ್ತಲಿಲ್ಲ."

ಒಳಗೆ ಯಾರೋ ಊಟಕ್ಕೆ ಕರೆಯುತ್ತಿದ್ದರು. ಕಾಕು ನನ್ನ ಮುಖ ನೋಡುತ್ತಾ ನಿಂತರು.

"ಎತ್ತಿದ್ದರ ಏನಂತಿದ್ದಿ?"

"ಇಲ್ಲ ಅಂತಿದ್ದೆನ್ರಿ," ಎಂದೆ.

ಆಕೆ ತಲೆಯಾಡಿಸಿದರು. ಒಪ್ಪಿದರೋ, ಇಷ್ಟೇ ನೀನು ಅಂದರೋ ತಿಳಿಯಲಿಲ್ಲ. ಎಲೆ ಹಾಕಿದೆ, ಉಂಡು ಹೋಗು ಎಂದು ಒಳಗೆ ನಡೆದರು. ನಾನು ಕೂತು ಉಂಡೆ. ಆಕೆಯೇ ಬಂದು ಬಡಿಸಿದರು, ಎರಡನೇ ಸಲವೂ ಬಡಿಸಿದರು, ನಾನು ಸಾಕು ಅನ್ನಲಿಲ್ಲ.